ಭೀಮಬಾಯಿ ಮನೆಯ ಮೋಟಾರು

ರತ್ನದೀಪ ಬಾಸ್ ಗಿಟಾರ್ ಕೊಂಡದ್ದಕ್ಕೆ ಮುಖ್ಯ ಕಾರಣ ಸೋಮಾರಿತನ. ಕಲಬುರಗಿಯ ಅಂಗಡಿಯಲ್ಲಿ ಎರಡು ಹಳೆಯ ಗಿಟಾರುಗಳಿದ್ದವು. ಒಂದಕ್ಕೆ ಆರು ತಂತಿ, ಇನ್ನೊಂದಕ್ಕೆ ನಾಲ್ಕು. ನಾಲ್ಕಾದರೆ ಕಲಿಕೆ ಬೇಗ ಮುಗಿಯುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ತನ್ನೂರು ವಾಡಿಗೆ ಹೊತ್ತು ತಂದ ಮೇಲೆ ತಿಳಿಯಿತು, ಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆ ಇಲ್ಲದಿದ್ದರೆ ಈ ವಾದ್ಯ ಸೊಳ್ಳೆಗಿಂತ ಮೆಲ್ಲಗೆ ಮಾತಾಡುತ್ತದೆ ಎಂದು.

ತಾಯಿ ಭೀಮಬಾಯಿ ತಂತಿ ಎಳೆದು ನೋಡಿ, “ಮೂಕ ಸೊಸಿನ್ನ ತಂದಂಗಾತು. ಛಲೋ ಆತು ಬಿಡು, ಮನ್ಯಾಗ ಸಪ್ಪಳಿಲ್ಲ” ಅಂದಳು.

ಅವನು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಲಾರಿಗೆ ಚೀಲ ಏರಿಸುವವನು. ಅವನ ಗುರು ಮೊಬೈಲಿನೊಳಗಿನ ಒಬ್ಬ ಬೋಳುತಲೆಯವನು. ಜಾಜ್ ಸಂಗೀತದ ಪೆಂಟಟಾನಿಕ್ ಸ್ಕೇಲಿನಲ್ಲಿ ಐದೇ ಸ್ವರ ಎಂದು ಗುರು ಹೇಳಿದಾಗ, ಏಳರಲ್ಲಿ ಎರಡು ಉಳಿತಾಯವಾಯಿತೆಂದು ಶಿಷ್ಯ ಹಿಗ್ಗಿದ. ಆದರೆ ಜಾಜ್ ಮಂದಿಯ ದಾರಿ ಬೇರೆ. ಹಿಮ್ಮೇಳದಲ್ಲಿ ಸಿ ಎಂಬ ಸ್ವರ ನುಡಿಯುತ್ತಿದ್ದರೆ ಸಿಯಿಂದಲೇ ಹೊರಡುವುದು ಅವರಿಗೆ ಸಪ್ಪೆ. ಅದರ ಐದನೆಯ ಮನೆಯಾದ ಜಿಗೆ ಹೋಗಿ, ಅಲ್ಲಿಂದ ಜಿ, ಎ, ಬಿ, ಡಿ, ಇ ಎಂದು ಏರಬೇಕಂತೆ. ವಾಡಿಯಿಂದ ಚಿತ್ತಾಪುರಕ್ಕೆ ಹೊರಟವ ಉಲ್ಟಾ ಶಹಾಬಾದಿಗೆ ಹೋಗಿ ರೈಲು ಹತ್ತಿದ ಹಾಗೆ.

ರತ್ನದೀಪ ಶಹಾಬಾದಿನಲ್ಲೇ ಉಳಿದ. ಜಿ ಬಂತು, ಎ ಬರಲಿಲ್ಲ. ಅದಕ್ಕೆ ಕಿರುಬೆರಳು ಚಾಚಬೇಕು. ಚೀಲ ಎತ್ತೆತ್ತಿ ಅವನ ಬೆರಳುಗಳು ಚೀಲ ಹಿಡಿದ ಆಕಾರದಲ್ಲೇ ಸೆಟೆದಿದ್ದವು. ಕಿರುಬೆರಳು ತಯಾರಾಗುವ ತನಕ ಜಿಯನ್ನೇ ಮೀಟುತ್ತಿದ್ದ; ನಡುನಡುವೆ ಎಗೆ ಚಾಚಿದರೆ ಬೆರಳು ಜಾರಿ ಟಕ್ ಎನ್ನುತ್ತಿತ್ತು. ಗುಂಯ್, ಗುಂಯ್.

ಒಂದು ದಿನ ಗಿಟಾರಿನ ತಲೆ ಅವ್ವನ ಕಬ್ಬಿಣದ ಅಲಮಾರಿಗೆ ತಾಗಿತು. ತಾಗಿದ್ದೇ ಅಲಮಾರಿಯೆಲ್ಲ ಗುಂಯ್‌ಗುಟ್ಟಿತು. ಪುಕ್ಕಟೆ ಆಂಪ್ಲಿಫೈಯರ್! ಅಂದಿನಿಂದ ರಾತ್ರಿಪಾಳಿ ಮುಗಿಸಿ ಬಂದವನೇ, ಅವ್ವ ಅಂಗಳದಲ್ಲಿ ನಳಕ್ಕೆ ಕೊಡ ಹಚ್ಚುವ ಹೊತ್ತಿಗೆ, ಬಾಗಿಲು ಹಾಕಿಕೊಂಡು ಗಿಟಾರನ್ನು ಅಲಮಾರಿಗೆ ಒತ್ತಿ ಕೂಡುತ್ತಿದ್ದ. ಅಲಮಾರಿ ನಿಂತದ್ದು ಪಕ್ಕದ ಮಾಸುಮಬಿಯ ಮನೆಗೂ ತಮ್ಮ ಮನೆಗೂ ನಡುವಿನ ಒಂದೇ ಗೋಡೆಗೆ ಒರಗಿ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಆ ಓಣಿಯಲ್ಲಿ ನೀರಿಗೆ ಒಂದು ಕಟ್ಟಳೆಯಿತ್ತು. ಮೋಟಾರು ಹಚ್ಚಿ ಪೈಪಿನಿಂದ ನೀರು ಎಳೆದವರ ನಳಕ್ಕೆ ಕಟ್ಟಿಗೆಯ ಬೂಚು ಬಡಿದು ಬೇಸಿಗೆ ಮುಗಿಯುವ ತನಕ ಬಂದ್ ಮಾಡುವುದು. ಕಟ್ಟಳೆ ಮಾಡಿದವಳು ಭೀಮಬಾಯಿ. ಬೂಚು ಕೆತ್ತಿಸಿಟ್ಟವಳೂ ಅವಳೇ.

ಒಂದು ಮುಂಜಾನೆ ಮಾಸುಮಬಿ ನಾಲ್ಕೈದು ಹೆಂಗಸರನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು.

“ಭೀಮಬಾಯಿ, ನಿನ್ನ ಮನ್ಯಾಗ ಮೋಟಾರ್ ನಡೀಲಿಕತ್ತದ.”

“ಯಾರ ಮನ್ಯಾಗ?”

“ನಿನ್ನ ಮನ್ಯಾಗ. ಗ್ವಾಡಿಗಿ ಕಿವಿ ಹಚ್ಚಿ ಕೇಳೀನಿ. ನನ್ನ ನಳದಾಗ ನೀರು ದಾರದಂಗ ಬರ್ಲಿಕತ್ತದ, ಈ ಕಡಿ ಗುಂಯ್ ಅಂತದ.”

“ನಾಲಗಿ ಬಿಗಿ ಹಿಡಿ ಮಾಸುಮಾ. ಓಣ್ಯಾಗ ಮೋಟಾರ್ ಬಂದ್ ಮಾಡ್ಸಿದಾಕಿ ನಾನು!”

“ಅದಕ್ಕ ಯಾರಿಗೂ ಡೌಟ್ ಬರಲಿಲ್ಲ. ಪೊಲೀಸರ ಮನ್ಯಾಗ ಕಳವಿನ ಮಾಲು ಯಾರು ಹುಡುಕ್ತಾರ?”

ಹೆಂಗಸರು ಒಳನುಗ್ಗಿ ಮಂಚದ ಕೆಳಗೆ, ಡ್ರಮ್ಮಿನ ಹಿಂದೆ, ಬಚ್ಚಲಲ್ಲಿ ಹುಡುಕಿದರು. ಮೋಟಾರು ಸಿಗಲಿಲ್ಲ. “ಸಿಗವಲ್ದು ಅಂದ್ರ ಎಷ್ಟ್ ಹುಷಾರಿಲಿಂದ ಮುಚ್ಚಿಟ್ಟಾರ ನೋಡ್ರಿ” ಅಂದಳು ಮಾಸುಮಬಿ. ಅಷ್ಟರಲ್ಲಿ ಒಬ್ಬಳು ಬೂಚು, ಬಡಿಯಲು ಕಲ್ಲು ಎರಡನ್ನೂ ಕೈಗೆ ತೆಗೆದುಕೊಂಡಿದ್ದಳು. ಜಗಳದಲ್ಲಿ ಎಂದೂ ಸೋಲದ ಭೀಮಬಾಯಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆಗೆ ಸರಿದದ್ದನ್ನು ಕಂಡು ರತ್ನದೀಪ ಮಾಸುಮಬಿಯ ಎದುರಿಗೆ ಬಂದು ನಿಂತ.

“ಖಾಲಾ, ಅದು ಮೋಟಾರ್ ಅಲ್ಲ. ನಂದು.”

“ನಿಂದೇನು?”

“ಜಾಜ್.”

“ಅದನ್ನೆಲ್ಲಿ ಹಚ್ಚೀದಿ?”

ಹೇಳಿದರೆ ತಿಳಿಯುವಂಥದ್ದಲ್ಲ, ತೋರಿಸಬೇಕು. ಅವನು ಕೂತು ಗಿಟಾರನ್ನು ಅಲಮಾರಿಗೆ ಒತ್ತಿದ. ಬಾಳಿನ ಮೊದಲ ಕಛೇರಿ. ಎದುರಿಗೆ ಬೂಚು ಹಿಡಿದ ಶ್ರೋತೃಗಳು. ಅಂಜಿಕೆಗೋ ಏನೋ, ಆ ದಿನ ಕಿರುಬೆರಳು ತಾನಾಗಿ ಚಾಚಿ ಎ ಮೇಲೆ ಕೂತಿತು. ಜಿ, ಎ, ಬಿ, ಡಿ, ಇ. ಏರಿದ, ಇಳಿದ, ಮತ್ತೆ ಏರಿದ. ಅಲಮಾರಿ ಮೇಲಿನ ಪಾತ್ರೆಗಳೂ ಸಣ್ಣಗೆ ದನಿಗೂಡಿಸಿದವು. ಕಣ್ಣು ಮುಚ್ಚಿ ಬಾರಿಸಿ, ಶಹಬ್ಬಾಸ್ ಕೇಳಲು ತಲೆಯೆತ್ತಿದ.

“ಇದಲ್ಲ” ಅಂದಳು ಮಾಸುಮಬಿ.

“ಇದ ಖಾಲಾ.”

“ಅಲ್ಲೋ! ದಿನಾ ಕೇಳಾಕಿ ನಾನು. ಅದು ಹಿಂಗ ಏರೂದು ಇಳಿಯೂದು ಮಾಡಂಗಿಲ್ಲ. ಒಂದ ನಮೂನಿ ಗುಂಯ್ ಅಂತದ, ನಡುವ ಕೆಮ್ಮತದ, ಮತ್ತ ಗುಂಯ್ ಅಂತದ. ಹಳೀ ಮೋಟಾರ್ ಅದು, ಬೇರಿಂಗ್ ಹೋಗ್ಯಾವ.”

ರತ್ನದೀಪ ಅವ್ವನ ಕಡೆ ನೋಡಿದ. ಅವ್ವ ಬೂಚಿನ ಕಡೆ ನೋಡುತ್ತಿದ್ದಳು. ಕಾರ್ಖಾನೆಯ ಗೆಳೆಯರ ಮುಂದೆ ‘ಜಾಜ್ ಬಂತು’ ಎಂದು ಕೊಚ್ಚಿಕೊಂಡು ವಾರವಾಗಿತ್ತು. ನಿಜವಾಗಿ ಬಂದು ಎರಡು ನಿಮಿಷವಾಗಿರಲಿಲ್ಲ. ಬಂದದ್ದನ್ನು ಅಲ್ಲೇ ನುಂಗಿ, ಅವನು ಜಿಯನ್ನೊಂದೇ ಮೀಟಿದ. ಗುಂಯ್, ಗುಂಯ್. ಬೇಕೆಂದೇ ಕಿರುಬೆರಳು ಜಾರಿಸಿದ. ಟಕ್. ಮತ್ತೆ ಗುಂಯ್.

ಮಾಸುಮಬಿ ದಡದಡ ತನ್ನ ಮನೆಗೆ ಹೋದಳು. ಗೋಡೆಯಾಚೆಯಿಂದ ಕೂಗು ಬಂತು: “ಹಾಂ! ಇದ! ಇನ್ನೊಮ್ಮೆ ಬಾರ್ಸು!”

ಅವನಿಗೆ ಸಿಕ್ಕ ಮೊದಲ ಒನ್ಸ್‌ಮೋರ್. ಜೀವ ಹಿಂಡಿಕೊಂಡು, ಇನ್ನೂ ಕೆಟ್ಟದಾಗಿ ಬಾರಿಸಿದ.

ಮಾಸುಮಬಿ ಹೊಸ್ತಿಲಿಗೆ ಬಂದು ತೀರ್ಪು ಕೊಟ್ಟಳು: “ಬೂಚು ಒಳಗಿಡ್ರಿ. ಮೋಟಾರಿಲ್ಲ, ಏನಿಲ್ಲ. ಹುಡುಗಗ ಬಾರ್ಸಲಿಕ್ಕ ಬರಂಗಿಲ್ಲ, ಅಷ್ಟ.”

ಭೀಮಬಾಯಿಯ ಬೆನ್ನು ಆಗ ನೆಟ್ಟಗಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದು, “ಮತ್ತ! ನಾ ಏನ್ ಖೊಟ್ಟಿ ಮನುಷ್ಯಾಳೇನು? ನನ್ನ ಮಗಗ ಏನಂದ್ರ ಏನೂ ಬರಂಗಿಲ್ಲ!” ಎಂದಳು. ಓಣಿಯ ಕೊನೆಯ ಮನೆಗೆ ಕೇಳಿಸಿರಲಿಕ್ಕಿಲ್ಲವೆಂದು, ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಿದಳು.