ಟೇಪಿನಿಂದ ನಾನು ಅಳಿಸಿದ ಸಿಳ್ಳು

ವಯನಾಡು ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ ಒಂದರಂದು. ಅದಾದ ಎರಡನೆಯ ಬೇಸಿಗೆಯಲ್ಲಿ, ಅಂದರೆ 1982ರಲ್ಲಿ, ಗಡಿಭಾಗದ ಕನ್ನಡ ಮಾತನ್ನು ಧ್ವನಿಮುದ್ರಿಸುವ ಸಂಶೋಧಕನಾಗಿ ನಾನು ಅಲ್ಲಿನ ಮಾನಂದವಾಡಿಯಲ್ಲಿದ್ದೆ. ಈ ಪ್ರಸಂಗದ ದಿನ ನನ್ನ ದಿನಚರಿಯಲ್ಲಿ ಮಾರ್ಚ್ 9, ಟೇಪಿನ ಡಬ್ಬಿಯ ಮೇಲೆ ಮಾರ್ಚ್ 10. ಡಬ್ಬಿಯ ಚೀಟಿ ಮರುದಿನ ಬರೆದದ್ದು, ದಿನಚರಿಯನ್ನೇ ನಂಬುತ್ತೇನೆ.

ಅಂದು ಕೊಳವಳ್ಳಿ ಎಂಬ ಹಳ್ಳಿಯಲ್ಲಿ ಮಾದವ್ವ ಎಂಬ ಕೂಲಿಯ ಮುದುಕಿ ತಮ್ಮನಾದ ಸೋಮನ ಸಾವನ್ನು ಹೇಳಿದರು. ಒಕ್ಕುವ ಕಣದಿಂದ ಒಂದು ಮೊರ ಭತ್ತ ಬಳಿದುಕೊಂಡನೆಂದು ಮೇಸ್ತ್ರಿ ಅವನನ್ನು ಕಂಬಕ್ಕೆ ಕಟ್ಟಿ ಬಿದಿರ ದೊಣ್ಣೆಯಿಂದ ಹೊಡೆದ. ಮೊದಲು ಮೊಣಕಾಲು ಒಡೆಯಿತು, ಆಮೇಲೆ ಪಕ್ಕೆಲುಬು. ಅಡ್ಡ ಹೋದ ಮಾದವ್ವನ ಬಾಯಿಗೂ ಅದೇ ದೊಣ್ಣೆ ಬಿತ್ತು. ಸೋಮ ಮೂರನೆಯ ದಿನ ರಕ್ತ ಕಾರಿ ಸತ್ತ. ವರ್ಷ ಯಾವುದೆಂದು ಊರಿನ ಇಬ್ಬರನ್ನು ಕೇಳಿದೆ. ಉತ್ತರಗಳು ಹೊಂದಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ.

"ಪೊಲೀಸ್ನೋರು ಬರಕೊಳ್ಳಲಿಲ್ಲ. ನಿಮ್ಮ ಪೆಟ್ಟೀಲಾದ್ರೂ ಇರ್ಲಿ, ಮಾಷೇ" ಎಂದರು ಮಾದವ್ವ. ಅಲ್ಲಿ ಓದಿದವರೆಲ್ಲ ಮಾಷ್, ಅಂದರೆ ಮೇಷ್ಟ್ರು.

ಕೋಣೆಗೆ ಬಂದು ಕೇಳಿದರೆ ಟೇಪಿನ ತುಂಬ ಕಿವಿ ಇರಿಯುವ ಸಿಳ್ಳು. ಸ, ಶ ನುಡಿಯುವಾಗ ಹಲ್ಲಿನ ಸಂದಿಯಿಂದ ನುಗ್ಗುವ ಗಾಳಿ ಮೈಕಿಗೆ ನೇರ ಬಡಿದರೆ ಹೀಗಾಗುತ್ತದೆ. ಇದಕ್ಕೆ ಸಿಬಿಲೆನ್ಸ್ ಎನ್ನುತ್ತಾರೆ. ನಾನು ಮೈಕನ್ನು ಅವರ ಬಾಯಿಗೆ ನೇರವಾಗಿ, ನಾಲ್ಕು ಬೆರಳಿನಷ್ಟು ಹತ್ತಿರ ಇಟ್ಟಿದ್ದೆ. ಹೊಸಬರ ತಪ್ಪು. ಅದನ್ನು ಮುಚ್ಚಲು, ಇನ್ನೊಂದು ರೆಕಾರ್ಡರಿಗೆ ಪ್ರತಿ ಮಾಡುವಾಗ ಟ್ರೆಬಲ್ ಗುಂಡಿಯನ್ನು, ಎಂದರೆ ತೀಕ್ಷ್ಣ ಧ್ವನಿಯನ್ನು ಏರಿಳಿಸುವ ಗುಂಡಿಯನ್ನು, ಪೂರ್ತಿ ಇಳಿಸಿದೆ. ಸಿಳ್ಳು ಹೋಯಿತು. ಟೇಪಿನ ಅಭಾವವಿದ್ದ ಕಾಲ. ಮೂಲದ ಮೇಲೆ ವೆಳ್ಳಮುಂಡ ಎಂಬ ಊರಿನ ನಾಟಿ ಹಾಡುಗಳನ್ನು ತುಂಬಿಸಿದೆ.

ಹತ್ತು ದಿನಗಳ ಮೇಲೆ ಪ್ರತಿಯನ್ನು ಕೊಳವಳ್ಳಿಗೆ ಒಯ್ದು ಕೇಳಿಸಿದೆ. ಮಾದವ್ವನ ಮಗಳು ಚಿಕ್ಕಿ ನಕ್ಕುಬಿಟ್ಟಳು. "ಅಯ್ಯೋ, ಅವ್ವಂಗೆ ಹಲ್ಲು ಬಂದದೆ! ಯಾವ ಡಾಕ್ಟ್ರು ಕಟ್ಟಿದ್ದು, ಮಾಷೇ?"

ಮಾದವ್ವ ನಗಲಿಲ್ಲ. ತುಟಿ ಎತ್ತಿ ಮುರಿದ ಹಲ್ಲಿನ ಮೋಟುಗಳನ್ನು ತೋರಿಸಿದರು. "ಇದು ಆ ಮೇಸ್ತ್ರಿ ಒಡದ ಬಾಯಿ. ಆವತ್ತಿಂದ ಸೋಮ ಅಂದ್ರೆ ಸಿಳ್ಳೇ ಬರ್ತದೆ. ನಿಮ್ಮ ಪೆಟ್ಟೀಲಿರೋಳಿಗೆ ಯಾರೂ ಹೊಡೆದೇ ಇಲ್ಲ. ಮೊದ್ಲಿಂದು ಎಲ್ಲಿ?"

"ಅಳಿಸಿಬಿಟ್ಟೆ, ಅವ್ವಾ."

ಮಾದವ್ವ ಕೈಗೆ ಸಿಕ್ಕ ಸೌದೆಯಿಂದ ರೆಕಾರ್ಡರಿಗೆ ಬಡಿದರು. ಮುಚ್ಚಳ ಸೀಳಿತು, ಪ್ರತಿಯಿದ್ದ ರೀಲು ಅಂಗಳಕ್ಕೆ ಹಾರಿತು. ಯಂತ್ರ ಮಾತ್ರ ತಿರುಗುತ್ತಲೇ ಇತ್ತು. ಅವರು ಸೌದೆ ಎಸೆದು ಕುಳಿತರು. "ಹೊಸ್ತು ಹಾಕಿ. ಇನ್ನೊಂದು ಪ್ರಾವಶ್ಯ, ಇನ್ನೊಂದೇ ಸಲ, ಹೇಳ್ತೀನಿ. ಮೂರ್ನೇದಿಲ್ಲ."

ಈ ಸಲ ಮೈಕನ್ನು ಒಂದು ಗೇಣು ದೂರ, ಬಾಯಿಯ ನೇರದಿಂದ ಕೊಂಚ ಪಕ್ಕಕ್ಕೆ ಓರೆಯಾಗಿಟ್ಟೆ. ಸಿಳ್ಳು ಉಳಿಯಿತು, ಕಿವಿ ಇರಿಯಲಿಲ್ಲ. ಪಕ್ಕೆಲುಬಿನ ಮಾತಿಗೆ ಬಂದಾಗ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಮುಂದುವರಿಸಿದರು.

ಹೊಸಬರಿಗೆ ನಾನು ಹೇಳುವುದಿಷ್ಟೇ: ಮೈಕನ್ನು ಮೊದಲೇ ಓರೆಯಾಗಿಡಿ, ಮೂಲವನ್ನು ಎಂದಿಗೂ ಅಳಿಸಬೇಡಿ. ನನ್ನ ದೋಷ ಎರಡನೆಯ ಸಲ ಸರಿಹೋಯಿತು. ಆದರೆ ಆ ಎರಡನೆಯ ಸಲಕ್ಕಾಗಿ ಸೋಮ ಮತ್ತೆ ಆ ಕಂಬದಲ್ಲಿ ಹೊಡೆತ ತಿನ್ನಬೇಕಾಯಿತು. ಮಾದವ್ವ ಮತ್ತೆ ಅಡ್ಡ ಹೋಗಬೇಕಾಯಿತು.