ಪೇಟಿ ಮಾಸ್ತರರ ಕೆಮ್ಮು

ಎಂಬತ್ತರ ದಶಕದಲ್ಲಿ ಶಲವಡಿಯ ನಮ್ಮ ಭಜನಾ ಮೇಳಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದವರನ್ನು ಊರೆಲ್ಲ ಪ್ರೀತಿಯಿಂದ ಪೇಟಿ ಮಾಸ್ತರ ಎನ್ನುತ್ತಿತ್ತು. ಅವರ ಹಳೆಯ ಪೇಟಿಯಲ್ಲಿ ಒಂದು ಸ್ವರ ಹೊರಡುತ್ತಲೇ ಇರಲಿಲ್ಲ. ಆ ಜಾಗದಲ್ಲಿ ಅವರು ಗಂಭೀರವಾಗಿ ಕೆಮ್ಮಿ, "ಅಗದಿ ಬರಾಬ್ಬರಿ" ಎಂದು ಮುಂದೆ ಸಾಗುತ್ತಿದ್ದರು. ಸಂಪ್ರದಾಯವೆಂದು ತಿಳಿದು ನಾವೂ ಭಕ್ತಿಯಿಂದ ಅಲ್ಲೇ ಕೆಮ್ಮುತ್ತಿದ್ದೆವು.

ಯಮನೂರಿನಲ್ಲಿ ಭಜನಾ ಸ್ಪರ್ಧೆ ನಡೆಯಿತು. ಗೆದ್ದ ಮೇಳಕ್ಕೆ ಹೊಸ ಪೇಟಿ ಬಹುಮಾನ. ಎಲ್ಲರೂ ನುಡಿಸಬೇಕಾದದ್ದೂ ಅದನ್ನೇ. ನಮ್ಮ ಹಾಡು ಚೆನ್ನಾಗಿಯೇ ಸಾಗಿತ್ತು. ಕೆಮ್ಮುವ ಜಾಗ ಬಂತು, ಎಲ್ಲರೂ ಬಾಯಿ ತೆರೆದೆವು, ಪೇಟಿಯಿಂದ ಸ್ವರವೇ ಹೊರಟುಬಿಟ್ಟಿತು! ಗಾಬರಿಯಾಗಿ ಹಾಡು ನಿಲ್ಲಿಸಿದೆವು.

"ಯಾಕ್ರೀ ಮಾಸ್ತರ, ನಿಂತ್ರಿ?" ಎಂದರು ನಿರ್ಣಾಯಕರು.

ಮಾಸ್ತರರು ಪೇಟಿಯನ್ನು ಮೆಲ್ಲಗೆ ಅವರ ಕಡೆ ಸರಿಸಿದರು. "ಇದು ಕೆಟ್ಟೈತ್ರಿ. ನಡುವ ಒದರತೈತಿ. ಗೆದ್ರೂ ನಮಗ ಬ್ಯಾಡ್ರಿ."