ಇವರ ಕುತ್ತಿಗೆ ಮುಟ್ಟಿದ ಡಾಕ್ಟರಮ್ಮ

ಚೆನ್ನೈನ ಸೆಕೆಗೆ ನಮ್ಮ ಯಜಮಾನರು ಸ್ನಾನ ಮುಗಿಸಿ ಕುತ್ತಿಗೆಗೆ ಧಾರಾಳವಾಗಿ ಪೌಡರ್ ಬಳಿದುಕೊಳ್ಳುತ್ತಾರೆ. ಬೆವರಿಗೆ ಅದು ಕರಗಿದರೂ ದವಡೆಯ ಕೆಳಗೆ, ಚರ್ಮದ ಮಡಿಕೆಯಲ್ಲಿ ಒಂದು ಬಿಳಿ ಗೆರೆ ಉಳಿಯುತ್ತದೆ. ಆ ಪೌಡರಿನ ಘಮ ಮೂಗಿಗೆ ಬಡಿದರೆ ಸಾಕು, ಡಾಕ್ಟರಮ್ಮ ನೆನಪಾಗುತ್ತಾರೆ... ಜೊತೆಗೇ ಹಳೆಯ ಹೊಟ್ಟೆಕಿಚ್ಚೂ.

ಎರಡು ಸಾವಿರದ ಆಸುಪಾಸು. ಅಡ್ಯಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಇವರು ಕುಂದಾಪುರದ ಕಡೆಯವರು, ನಾನು ಮೈಸೂರಿನವಳು. ಇವರ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು ಕಂಡಾಗ ಒಬ್ಬ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡೋಣ ಎಂದರು. ಇನ್ನೊಬ್ಬರನ್ನೂ ಕೇಳೋಣವೆಂದು ಎಗ್ಮೋರಿನಲ್ಲಿದ್ದ ಈ ಡಾಕ್ಟರಮ್ಮನ ಬಳಿ ಹೋದೆವು. ಆಕೆ ಎರಡು ಬೆರಳಿಟ್ಟು ಗಂಟನ್ನು ಅತ್ತಿತ್ತ ಸರಿಸಿದರು, ಸರಿಯಿತು. ಮೇಲೆ ಕೆಳಗೆ ಸರಿಸಿದರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಬೆರಳಡಿ ನಾಡಿಯಂತೆ ಮಿಡಿಯುತ್ತಿತ್ತಂತೆ. ಮಿದುಳಿಗೆ ರಕ್ತ ಒಯ್ಯುವ ನಾಳ ಕವಲೊಡೆಯುವಲ್ಲೇ ಬೆಳೆದ ಅಪರೂಪದ ಗಡ್ಡೆ, ಸೂಜಿ ಚುಚ್ಚುವುದು ಅಪಾಯ ಎಂದರು. ಸ್ಕ್ಯಾನೂ ಅದನ್ನೇ ಹೇಳಿತು. ವರ್ಷಗಟ್ಟಲೆ ಅದೇ ಕುತ್ತಿಗೆಗೆ ಒರಗಿ ಮಲಗಿದ ನನಗೆ ತಿಳಿಯದ್ದು ಆಕೆಗೆ ಒಂದು ಗಳಿಗೆಯಲ್ಲಿ ತಿಳಿಯಿತು!

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆಕೆಯೂ ಕುಂದಾಪುರದವರೇ.

“ಹ್ವಾಯ್, ಹೆದ್ರ್ಕಣ್ಬೇಡಿ. ಎಂತದೂ ಆತಿಲ್ಲೆ,” ಅಂದರು.

ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲದ ಮನುಷ್ಯ ಆಕೆಯೆದುರು ಅರಳು ಹುರಿದಂತೆ ಮಾತಾಡಿದರು. ಕೆಲವು ತಿಂಗಳಿಂದ ನುಂಗುವಾಗ ನೋಯುತ್ತಿದೆ ಎಂಬುದನ್ನೂ ಹೇಳಿದರು. ನನಗೆ ಹೇಳಿರಲೇ ಇಲ್ಲ.

ಆಪರೇಷನ್ನಿನಲ್ಲಿ ಲಕ್ವ ಹೊಡೆಯಬಹುದು, ದನಿ ಹೋಗಬಹುದು ಎಂದು ಮೊದಲೇ ಎಚ್ಚರಿಸಿದ್ದರು. ಬೆಳಿಗ್ಗೆ ಒಳಗೆ ಕರೆದೊಯ್ದವರನ್ನು ಸಂಜೆ ಹೊರತಂದರು. ನಾಳಕ್ಕೆ ಅಂಟಿದ್ದ ಗಡ್ಡೆಯನ್ನು ಆಕೆಯೇ ಅಷ್ಟಷ್ಟಾಗಿ ಬಿಡಿಸಿದರಂತೆ. ಎಚ್ಚರವಾದಾಗ ಆಕೆ, “ನಾಲ್ಗಿ ಹೊರ್ಗ್ ಹಾಕಿ ಕಾಂಬ,” ಎಂದರು. ಇವರು ನಾಲಿಗೆ ಚಾಚಿ ತೋರಿಸಿ, ಒಡಕು ದನಿಯಲ್ಲಿ ಕೇಳಿದರು: “ಡಾಕ್ಟ್ರೇ, ಗಂಜಿ ಸಿಕ್ಕತ್ತಾ?”

ಮರಳಿ ಬಂದ ದನಿಯ ಮೊದಲ ಮಾತು ಆಕೆಗೆ! ಪಕ್ಕದಲ್ಲೇ ನಾನಿದ್ದೆ. ಸಂತೋಷಕ್ಕೆ ಕಣ್ಣು ತುಂಬಿತು, ಹೊಟ್ಟೆಯೂ ಉರಿಯಿತು.

ಹೊಲಿಗೆ ಬಿಚ್ಚಿದ ದಿನ ಆಕೆ ನನ್ನ ಬೆರಳು ಹಿಡಿದು ಇವರ ಕುತ್ತಿಗೆಯ ಇನ್ನೊಂದು ಬದಿಗೆ ಒತ್ತಿದರು. “ಗಂಟ್ ಈ ಬದಿಗೂ ಬಪ್ಪುದಿತ್ತ್. ಆಗಾಗ ಮುಟ್ಟಿ ಕಾಣಿ, ಅಕ್ಕ. ಇನ್ ಇದ್ ನಿಮ್ಮ ಕೆಲ್ಸ.” ನನಗಿಂತ ದೊಡ್ಡವಳು, ಅಕ್ಕ ಅಂತೆ ಅಕ್ಕ, ಎಂದುಕೊಂಡೆ... ಆದರೆ ಆ ಕೆಲಸ ಮಾತ್ರ ಇವತ್ತಿನವರೆಗೂ ಬಿಟ್ಟಿಲ್ಲ.

ಕಳೆದ ವಾರ ಆಕೆ ತೀರಿಕೊಂಡ ಸುದ್ದಿ ಬಂತು. ಇವರು ನನ್ನ ಮುಂದೆ ಬಂದು ಕೂತು, ಎಂದಿನಂತೆ ಕುತ್ತಿಗೆ ವಾಲಿಸಿದರು. ಬೆರಳಿಟ್ಟೆ. ಗಂಟಿರಲಿಲ್ಲ. ಗಂಟಲು ಮಾತ್ರ ಉಬ್ಬಿ ಉಬ್ಬಿ ಬರುತ್ತಿತ್ತು, ಅಳುತ್ತಿದ್ದರು. ನನಗಾಗಿಯೂ ಹೀಗೆ ಅಳುತ್ತಾರೋ ಇಲ್ಲವೋ ಎಂಬ ಯೋಚನೆಯೇ ಮೊದಲು ಬಂದದ್ದು. ಆಮೇಲೆ, ಬೆರಳು ತೆಗೆಯದೆ, ನಾನೂ ಅತ್ತೆ.